ಚೀಟಿಯ ಮೂಲೆಯಲ್ಲಿ ನಾಲ್ಕು ಅಕ್ಷರ

"ಇದು ಜ್ಞಾನ ಅಲ್ಲ ಮೇಡಂ, ಗುಜರಿ!"

ಹೆನ್ನಿಂಗ್ ಫೋಸ್ ಆ ಕೋಣೆಗೆ ಕಾಲಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಮೈಮೇಲಿನ ಕೋಟನ್ನೂ ಬಿಚ್ಚಿರಲಿಲ್ಲ. ಮರದ ಪೆಟ್ಟಿಗೆಯಿಂದ ಒಂದು ಚೀಟಿ ಎತ್ತಿ, ಓದಿ, ಅದನ್ನು ಬೇರೆಲ್ಲೋ ತುರುಕಿ ಹೀಗೆ ಅಂದುಬಿಟ್ಟ.

ವೀಬ್ಕೆ ಹಾರ್ಮ್ಸ್‌ಗೆ ಮೈಯೆಲ್ಲ ಉರಿದುಹೋಯಿತು.

"ಎತ್ತಿದ ಚೀಟೀನ ಎತ್ತಿದ ಜಾಗದಲ್ಲೇ ಇಡ್ಬೇಕು. ಅಷ್ಟೂ ಕಲಿಸಿಲ್ವಾ ನಿಮಗೆ ಮನೇಲಿ?"

"ಎತ್ತಿದ ಜಾಗ ಯಾವುದು ಅಂತ ನಿಮ್ಮನ್ನ ಬಿಟ್ಟು ಇನ್ಯಾರಿಗಾದ್ರೂ ಗೊತ್ತಾಗುತ್ತಾ? ನಾನು ಹೇಳ್ತಿರೋದೂ ಅದನ್ನೇ."

ಏಳು ವರ್ಷಗಳ ನಂತರ ಅವಳು ಅವನ ಬಾಯಿಂದ ಕೇಳಿದ ಮೊದಲ ಮಾತುಗಳಿವು. 'ಏಳು ವರ್ಷ ಕಾದು, ಇದನ್ನು ಹೇಳಲಿಕ್ಕೇ ಬಂದನೇ ಈ ಪುಣ್ಯಾತ್ಮ...?'

ಅವಳು ಎದ್ದು ಹೋಗಿ ಆ ಚೀಟಿಯನ್ನು ಹುಡುಕಿ ತೆಗೆದು ಸರಿಯಾದ ಜಾಗದಲ್ಲಿ ಸಿಕ್ಕಿಸಿದಳು.  

ಗೋಟಿಂಗೆನ್‌ನ ಬ್ರೋಮೆ ಪ್ರಕಾಶನ ಅಂದರೆ ಪುಸ್ತಕದ ಪ್ರಕಾಶನವಲ್ಲ. ಮೇಜಿನ ಸುತ್ತ ಕೂತು ಆಡುವ ಡಬ್ಬಿಯ ಆಟಗಳನ್ನು ಮಾಡುವ ಸಣ್ಣ ಸಂಸ್ಥೆ. ನಮ್ಮ ಜರ್ಮನಿಯಲ್ಲಿ ಆಟ ಕಟ್ಟಿದವನ ಹೆಸರನ್ನು ಡಬ್ಬಿಯ ಮೇಲೆ ಕಾದಂಬರಿಕಾರನ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಆ ಒಂದು ಹೆಸರಿಗಾಗಿ ಜನ ರಜಾ ದಿನಗಳನ್ನೆಲ್ಲ ಕತ್ತರಿ, ಗೋಂದು, ರಟ್ಟಿನ ನಡುವೆ ಕಳೆಯುತ್ತಾರೆ. ಹಾಗೆ ಕಟ್ಟಿದ ಆಟ ಬ್ರೋಮೆಗೆ ಬಂದರೆ ಅದನ್ನು ಆಡಿ, ಆಡಿಸಿ, ಬೇಕೋ ಬೇಡವೋ ಎಂದು ಹೇಳುವ ಸಂಪಾದಕಿಯೇ ವೀಬ್ಕೆ.

ಎಂಟು ವರ್ಷಗಳಲ್ಲಿ ಅವಳು ನೋಡಿದ ಪ್ರತಿ ಆಟಕ್ಕೂ ಒಂದೊಂದು ಚೀಟಿ ಬರೆದಿದ್ದಳು. ಒಟ್ಟು ಸಾವಿರದ ನಾನೂರು ಚೀಟಿ, ನಾಲ್ಕು ಮರದ ಪೆಟ್ಟಿಗೆ. ಆಟ ಎಲ್ಲಿ ಬೇಸರ ತರುತ್ತದೆ, ಎಲ್ಲಿ ಜನ ನಗುತ್ತಾರೆ, ಯಾಕೆ ನಗುತ್ತಾರೆ... ಅವಳಿಗೆ ಗೊತ್ತಿದ್ದದ್ದೆಲ್ಲ ಅದರೊಳಗಿತ್ತು.

ಹೋದ ತಿಂಗಳು ಒಡತಿ ಒಟ್ಟೀಲಿಯಾ ಬ್ರೋಮೆ ಕೋಲೂರಿಕೊಂಡು ಬಂದು ಆ ಪೆಟ್ಟಿಗೆಗಳ ಮುಂದೆ ನಿಂತಿದ್ದಳು.

"ನೋಡು ವೀಬ್ಕೆ, ನಾಳೆ ನಿನಗೆ ಜ್ವರ ಬಂದ್ರೆ ಈ ಪೆಟ್ಟಿಗೆ ನನಗೆ ಮೂರು ಕಾಸಿನ ಉಪಯೋಗಕ್ಕೂ ಬರಲ್ಲ. ಎಸೆನ್‌ನ ಆಟಗಳ ಮೇಳ ಬರೋದ್ರೊಳಗೆ ಇದನ್ನ ಒಂದು ಪುಸ್ತಕ ಮಾಡು. ಹೊಸದಾಗಿ ಕೆಲಸಕ್ಕೆ ಸೇರಿದವಳು ಅದನ್ನ ಓದಿ, ಒಂದು ಕೆಟ್ಟ ಆಟವನ್ನ ರಿಪೇರಿ ಮಾಡೋ ಹಾಗಿರಬೇಕು. ಆಗಲಿಲ್ವಾ? ಸಂಪಾದನೆ ಕೆಲಸ ಎಲ್ಲ ಹ್ಯಾಂಬರ್ಗಿನ ಏಜೆನ್ಸಿಗೆ ಕೊಟ್ಟುಬಿಡ್ತೀನಿ. ನಿನ್ನ ಪೆಟ್ಟಿಗೆ ರದ್ದಿಗೆ."

ವೀಬ್ಕೆ ಒಬ್ಬಳೇ ಕೂತು ನಲವತ್ತು ಪುಟ ಬರೆದಳು. ಓದಿದ ನಾಲ್ಕು ಜನರಲ್ಲಿ ನಾಲ್ವರಿಗೂ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಟ್ಟೀಲಿಯಾ ತಾನೇ ಫೋನ್ ಮಾಡಿ, ಆಟಗಳ ನಿಯಮ ಪುಸ್ತಿಕೆ ಬರೆಯುವುದರಲ್ಲಿ ಇಡೀ ದೇಶಕ್ಕೇ ಹೆಸರಾದವನನ್ನು ಕರೆಸಿದಳು.

ಅವನು ಬಂದ. ಬಂದವನೇ ಗುಜರಿ ಅಂದ!

---

ಏಳು ವರ್ಷದ ಹಿಂದೆ ಹೆನ್ನಿಂಗ್ ನಿಯಮ ಬರೆಯುವವನಾಗಿರಲಿಲ್ಲ, ಆಟ ಕಟ್ಟುವವನಾಗಿದ್ದ. ಜೂನ್ ತಿಂಗಳಲ್ಲಿ ಆಟ ಕಟ್ಟುವವರೆಲ್ಲ ಗೋಟಿಂಗೆನ್‌ಗೆ ಬಂದು ಸೇರುತ್ತಾರಲ್ಲ, ಅಲ್ಲಿ ಅವನ 'ಜೇನುಬಂಡಿ'ಯನ್ನು ವೀಬ್ಕೆ ಅವನ ಜೊತೆಗೇ ಕೂತು ಆಡಿದ್ದಳು. ಹೂ ಬಿಟ್ಟ ಬಯಲಿನಿಂದ ಬಯಲಿಗೆ ಜೇನುಪೆಟ್ಟಿಗೆಗಳನ್ನು ಬಂಡಿಯಲ್ಲಿ ಸಾಗಿಸುವ ಆಟ. ಅವತ್ತು ಅವಳು ನಕ್ಕಷ್ಟು ಆ ವರ್ಷವೆಲ್ಲ ನಕ್ಕಿರಲಿಲ್ಲ. ಕೆಲಸಕ್ಕೆ ಸೇರಿ ಒಂದೇ ವರ್ಷವಾಗಿತ್ತು. ಮಾದರಿಯನ್ನು ಎದೆಗವಚಿಕೊಂಡು ಆಫೀಸಿಗೆ ತಂದಿದ್ದಳು.

ಆರು ವಾರದ ಮೇಲೆ ಹೆನ್ನಿಂಗ್‌ಗೆ ಒಂದು ಸಾಲಿನ ಕಾಗದ ಹೋಯಿತು. 'ನಿಮ್ಮ ಆಟ ನಮ್ಮ ಸಂಸ್ಥೆಗೆ ಒಗ್ಗುವುದಿಲ್ಲ.' ಕೆಳಗೆ ವೀಬ್ಕೆ ಹಾರ್ಮ್ಸ್ ಎಂದು ರುಜು. ಅವನು ಕಾರಣ ಕೇಳಿ ಎರಡು ಸಲ ಬರೆದ. ಉತ್ತರ ಹೋಗಲಿಲ್ಲ. ಅಲ್ಲಿಂದೀಚೆಗೆ ಹೆನ್ನಿಂಗ್ ಫೋಸ್ ಆಟ ಕಟ್ಟಿದ್ದನ್ನು ಯಾರೂ ನೋಡಲಿಲ್ಲ.

ಇನ್ನೊಂದು ಮಾತು. ಆಟದ ಮಂದಿಯಲ್ಲಿ ಬಹುವಚನ ಅನ್ನುವುದೇ ಇಲ್ಲ. ಒಂದು ಮೇಜಿಗೆ ಕೂತರೆ ಡಾಕ್ಟರೂ ಒಂದೇ, ಕಸ ಗುಡಿಸುವವನೂ ಒಂದೇ. ಎಲ್ಲರೂ 'ನೀನು'. ಎಪ್ಪತ್ತೊಂದರ ಒಟ್ಟೀಲಿಯಾಳಿಗೂ ಏಕವಚನವೇ. ಅಂಥ ಮನೆಯೊಳಗೆ ಇವರಿಬ್ಬರು ಮಾತ್ರ ಒಬ್ಬರಿಗೊಬ್ಬರು 'ನೀವು, ತಾವು' ಎನ್ನುತ್ತಿದ್ದರು. ಅದು ಬೈಗುಳಕ್ಕಿಂತ ಕಡೆಯಾಗಿ ಕೇಳಿಸುತ್ತಿತ್ತು.

---

"ಪರೀಕ್ಷೆ ಮಾಡೋಣ," ಎಂದ ಹೆನ್ನಿಂಗ್ ಮರುದಿನ ಬೆಳಿಗ್ಗೆ. "ನಾನು ಹೊಸಬ. ನನ್ನೆದುರು ನಾಲ್ಕು ಜನ ಆಡ್ತಿದ್ದಾರೆ. ಒಬ್ಬ ಕಿಟಕಿ ಕಡೆ ನೋಡ್ತಾ ಕೂತಿದ್ದಾನೆ. ಏನು ಮಾಡ್ಲಿ? ಹುಡುಕಿಕೊಡಿ."

ವೀಬ್ಕೆ ಪಟಪಟನೆ ಏಳು ಚೀಟಿ ಎಳೆದು ಅವನ ಮುಂದೆ ಎಸೆದಳು. ಒಂದು 'ದಾಳ'ದ ಕೆಳಗಿಂದ, ಎರಡು 'ಹರಾಜಿ'ನಿಂದ, ಉಳಿದವು 'ಇಸ್ಪೀಟು', 'ಬಿಲ್ಲೆ'ಗಳಿಂದ.

"ತಗೊಳ್ಳಿ. ಇಪ್ಪತ್ತು ಸೆಕೆಂಡು."

"ಇದು ದಾಳದ ಕೆಳಗಿದೆ ಅಂತ ಹೊಸಬನಿಗೆ ಹೇಗೆ ಗೊತ್ತಾಗ್ಬೇಕು?"

"ದಾಳದ ಆಟ, ದಾಳದ ಕೆಳಗಿದೆ! ಇನ್ನೆಲ್ಲಿರುತ್ತೆ?"

"ಮೇಡಂ, ನೀವು ಹುಡುಕಿದ್ದು ಪೆಟ್ಟಿಗೆಯಲ್ಲಲ್ಲ, ನಿಮ್ಮ ತಲೆಯಲ್ಲಿ. ಆ ತಲೆ ನನಗಿಲ್ಲ. ನನ್ನ ಹತ್ರ ಇರೋದು ಕಿಟಕಿ ನೋಡ್ತಿರೋ ಒಬ್ಬ ಮನುಷ್ಯ. ನಾನು ಬರೋದೇ ಅವನನ್ನ ಕೈ ಹಿಡ್ಕೊಂಡು. 'ಆಡುವವನು ಕಿಟಕಿ ನೋಡುತ್ತಿದ್ದರೆ' ಅಂತ ತಲೆಬರಹ ಇದ್ರೆ ಸಾಕು, ನಾನು ಬದುಕಿಕೊಳ್ತೀನಿ."

ವೀಬ್ಕೆ ಎಸೆದ ಚೀಟಿಗಳನ್ನು ಒಂದೊಂದಾಗಿ ಎತ್ತಿಕೊಂಡಳು. 

'ಸರಿಯಾಗೇ ಹೇಳುತ್ತಿದ್ದಾನೆ. ಎಂಟು ವರ್ಷ ನನಗೆ ಇದು ಹೊಳೆಯಲಿಲ್ಲವಲ್ಲ...! ಇವನ ಬಾಯಿಂದಲೇ ಬರಬೇಕಿತ್ತೇ?'

"ಹಾಗಾದ್ರೆ ಎಲ್ಲಾನೂ ಕೆಳಗೆ ಸುರಿಬೇಕಾಗುತ್ತೆ," ಎಂದಳು ಒಣಗಿದ ದನಿಯಲ್ಲಿ.

"ಸುರೀರಿ."

"ನೀವೇ ಸುರೀರಿ. ನನ್ನ ಕೈಯಲ್ಲಾಗಲ್ಲ."

ಹೆನ್ನಿಂಗ್ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಪೆಟ್ಟಿಗೆಗಳನ್ನು ಸುರಿಯದೆ, ಚೀಟಿಗಳನ್ನು ಒಂದೊಂದೇ ಹಿಡಿಯಾಗಿ ಎತ್ತಿ, ಕ್ರಮ ತಪ್ಪದಂತೆ ನೆಲದ ಮೇಲೆ ಸಾಲಾಗಿ ಇಟ್ಟ. ಅವನು ಅಷ್ಟು ನಿಧಾನವಾಗಿ ಕೆಲಸ ಮಾಡಬಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಇದ್ದಳು.

ಎರಡು ವಾರ ಹೀಗೇ ನಡೆಯಿತು. ನೆಲದ ಮೇಲೆ ಹೊಸ ತಲೆಬರಹಗಳು ಹುಟ್ಟಿಕೊಂಡವು. 'ಮುಂದಿರುವವನನ್ನು ಯಾರೂ ಹಿಡಿಯಲಾಗದಿದ್ದರೆ.' 'ಇಬ್ಬರು ಸೇರಿ ಮೂರನೆಯವನನ್ನು ತುಳಿಯುತ್ತಿದ್ದರೆ.' 'ಸರದಿ ಬರಲು ತಡವಾದರೆ.' 'ಅಂತ್ಯ ಎಳೆಯುತ್ತಿದ್ದರೆ.' ಪ್ರತಿಯೊಂದಕ್ಕೂ ಜಗಳ! ಇದು ಇಲ್ಲಿಗೆ ಸೇರುತ್ತದೆ ಎಂದು ಅವಳು, ಇಲ್ಲ ಅಲ್ಲಿಗೆ ಎಂದು ಅವನು. ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡು ಕೆಲಸ ಮಾಡತೊಡಗಿದರು.

"ನಿಮ್ಮ ಗುರುತುಗಳ ಪುಟ ಯಾವಾಗ ಕೊಡ್ತೀರಿ?" ದಿನಕ್ಕೆ ಒಂದು ಸಲವಾದರೂ ಅವನು ಕೇಳುತ್ತಿದ್ದ. ಚೀಟಿಗಳ ಮೂಲೆಯಲ್ಲಿ ವೀಬ್ಕೆ ಚುಕ್ಕೆ, ಗೀಟು, ಒಂದೊಂದು ಅಕ್ಷರ ಹಾಕಿಡುತ್ತಿದ್ದಳು. ಯಾವುದರ ಅರ್ಥ ಏನೆಂದು ಎಲ್ಲೂ ಬರೆದಿಟ್ಟಿರಲಿಲ್ಲ.

"ಕೊಡ್ತೀನಿ."

"ಗುರುತಿನ ಅರ್ಥ ಬರೆಯದೇ ಇರೋ ಪುಸ್ತಕ ಪುಸ್ತಕವೇ ಅಲ್ಲ."

"ಕೊಡ್ತೀನಿ ಅಂದ್ನಲ್ಲ! ಕಿವಿ ಕೇಳ್ಸಲ್ವಾ?"

ಒಂದು ದಿನ ನಾಲ್ಕರ ಕಾಫಿ ಹೊತ್ತು. ಯಾರೋ ತಂದಿಟ್ಟ ಪ್ಲಮ್ ಕೇಕು ಹಾಗೇ ಇತ್ತು. ಹೆನ್ನಿಂಗ್ ನೆಲದ ಮೇಲೆ ಕೂತು ಒಂದು ಚೀಟಿ ಓದುತ್ತಿದ್ದವನು ಸುಮ್ಮನಾದ. ಆಮೇಲೆ ಗಟ್ಟಿಯಾಗಿ ಓದಿದ.

"'ಹಸಿರು ಸ್ವೆಟರಿನ ಹೆಂಗಸು ತನ್ನ ಕಾಯಿಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು. ಕೆಡಿಸಿದಳು. ಮತ್ತೆ ಜೋಡಿಸಿದಳು. ಅವಳ ಸರದಿ ಬರಲು ಹನ್ನೊಂದು ನಿಮಿಷ ಹಿಡಿಯಿತು. ಬಂದಾಗ ಅವಳು ಕ್ಷಮೆ ಕೇಳಿದಳು. ತಪ್ಪು ಆಟದ್ದು, ಕ್ಷಮೆ ಕೇಳಿದವಳು ಅವಳು.'"



"ಇದನ್ನ ನೀವು ಬರೆದದ್ದಾ?"

"ಮತ್ತಿನ್ಯಾರು, ನಮ್ಮಜ್ಜಿನಾ?"

"ಇಲ್ಲ... ಗುಜರಿ ಅಂದಿದ್ದೆ." ಅವನು ಚೀಟಿಯನ್ನು ತಲೆಬರಹದ ಕೆಳಗೆ ಮೆಲ್ಲನೆ ಇಟ್ಟ. "ತಪ್ಪಾಯ್ತು. ಗುಜರಿ ಅಲ್ಲ."

 ಎಂಟು ವರ್ಷದಲ್ಲಿ ಆ ಚೀಟಿಗಳನ್ನು ಓದಿ ಒಬ್ಬರೂ ಹೀಗೆ ಸುಮ್ಮನಾದದ್ದಿಲ್ಲ. ವೀಬ್ಕೆ ಕೇಕಿನ ತಟ್ಟೆಯನ್ನು ಅವನ ಕಡೆ ತಳ್ಳಿದಳು. ಅವನು ಒಂದು ತುಂಡು ತೆಗೆದುಕೊಂಡ. ಅವಳೂ ಒಂದು ತೆಗೆದುಕೊಂಡಳು.

'ಬೇಡ ಮನಸೇ, ಬೇಡ,' ಎಂದುಕೊಂಡಳು. 'ಇವನಿಗೆ ನೀನು ಮಾಡಿದ್ದು ನೆನಪಿದೆ ತಾನೆ?'

---

'ಜೇನುಬಂಡಿ'ಯ ಚೀಟಿಯನ್ನು ಅವಳು ಮೊದಲ ದಿನವೇ ತೆಗೆದು ತನ್ನ ಡ್ರಾಯರಿಗೆ ಹಾಕಿಕೊಂಡಿದ್ದಳು. ಆದರೆ ಒಂದು ಚೀಟಿ ಬಚ್ಚಿಟ್ಟು ಪುಸ್ತಕ ಮಾಡುವುದು ಅವಳಿಗೆ ಒಗ್ಗಲಿಲ್ಲ. 'ಅಂತ್ಯ ಎಳೆಯುತ್ತಿದ್ದರೆ' ಎಂಬ ಗುಂಪಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ. ಎರಡನೆಯ ವಾರದ ಕೊನೆಗೆ ಮನಸ್ಸು ಗಟ್ಟಿ ಮಾಡಿ ಅದನ್ನು ಅಲ್ಲಿ ಇಟ್ಟಳು.

ಮರುದಿನ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಹೆನ್ನಿಂಗ್ ಆ ಚೀಟಿ ಹಿಡಿದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

ಚೀಟಿಯಲ್ಲಿ ಇದ್ದದ್ದು ಇಷ್ಟೇ. 'ಜೇನುಬಂಡಿ. ಹೆನ್ನಿಂಗ್ ಫೋಸ್. ಕೊನೆಯ ಸುತ್ತಿನಲ್ಲಿ ಹಿಂದುಳಿದವನಿಗೆ ಮಾಡಲು ಏನೂ ಇಲ್ಲ. ಅಂತ್ಯ ಎಳೆಯುತ್ತದೆ.' ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು 'ಎನ್' ಅಕ್ಷರ.

ಓದುಗರೇ, ಇಲ್ಲಿ ನಾನು ಒಂದು ಗುಟ್ಟು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ಅವನಂತೆಯೇ ವೀಬ್ಕೆಯನ್ನು ಶಪಿಸುತ್ತೀರಿ. ಅವಳ ಲೆಕ್ಕದಲ್ಲಿ ಎನ್ ಅಂದರೆ 'ನೋಖ್‌ಮಾಲ್', ಅಂದರೆ 'ಇನ್ನೊಮ್ಮೆ'. ಆಟ ಮುಗಿದ ಮೇಲೆ ಯಾರೂ ಕೇಳದೆಯೇ ಆಡಿದವರು 'ಇನ್ನೊಮ್ಮೆ ಆಡೋಣ' ಅಂದರೆ ಅವಳು ಆ ಅಕ್ಷರ ಹಾಕುತ್ತಿದ್ದಳು. ಆಟವೊಂದಕ್ಕೆ ಸಿಗಬಹುದಾದ ಅತಿ ದೊಡ್ಡ ಬಿರುದು ಅದು.

ಆದರೆ ಅದೇ ಅಕ್ಷರದಿಂದ ಶುರುವಾಗುವ ಇನ್ನೊಂದು ಪದವೂ ಇದೆ. 'ನೈನ್'. ಅಂದರೆ 'ಬೇಡ'. ಏಳು ವರ್ಷದಿಂದ ಒಂದು ಸಾಲಿನ ಕಾಗದವನ್ನು ಎದೆಯಲ್ಲಿಟ್ಟುಕೊಂಡಿದ್ದವನಿಗೆ ಯಾವ ಪದ ಮೊದಲು ಹೊಳೆಯುತ್ತದೆ, ಹೇಳಿ?

"ನಾಲ್ಕು ಸಲ," ಎಂದ ಹೆನ್ನಿಂಗ್. "ಒಂದು ಸಲ ಬರೆದ್ರೆ ಸಾಕಾಗ್ತಿರಲಿಲ್ವಾ ನಿನಗೆ?"

ಏಕವಚನ! ಎರಡು ವಾರದಲ್ಲಿ ಮೊದಲ ಸಲ! ಅದು ಸ್ನೇಹದ್ದಲ್ಲ ಎಂದು ಅವನ ದನಿಯಲ್ಲೇ ಗೊತ್ತಾಯಿತು.

ವೀಬ್ಕೆಗೆ ಅರ್ಥವಾದದ್ದೇ ಬೇರೆ. ಎರಡು ವಾರ ಚೀಟಿಗಳನ್ನು ಓದಿ ಓದಿ ಇವನು ಆ ಗುರುತಿನ ಅರ್ಥವನ್ನು ತಾನೇ ಬಿಡಿಸಿಕೊಂಡಿದ್ದಾನೆ ಎಂದು ನಂಬಿದಳು. 'ನಾಲ್ಕು ಸಲ ಇನ್ನೊಮ್ಮೆ ಅಂತ ಬರೆದವಳು ಬೇಡ ಅಂತ ಕಾಗದಕ್ಕೆ ಹೇಗೆ ರುಜು ಹಾಕಿದೆ, ಹೇಡಿ... ಎಂದು ಕೇಳುತ್ತಿದ್ದಾನೆ,' ಎಂದುಕೊಂಡಳು. ಏಳು ವರ್ಷದಿಂದ ಅವಳೇ ತನ್ನನ್ನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಈಗ ತಲೆ ತಗ್ಗಿಸಿ ನಿಲ್ಲಬೇಕಿತ್ತು. ಆದರೆ ಅವಳ ಸೊಕ್ಕು ಬಿಡಬೇಕಲ್ಲ!

"ಹೌದು, ನಾಲ್ಕು ಸಲ ಬರೆದೆ. ನಾಲ್ಕೂ ಸಲ ಮನಸಾರೆ ಬರೆದೆ. ಇವತ್ತು ಬರಿ ಅಂದ್ರೂ ಬರೀತೀನಿ."

"ಭೇಷ್." ಅವನು ನಕ್ಕ. ನೋಡಲಾಗದಂಥ ನಗು. "ನಾನು ಒಂದು ಕಾರಣ ಕೇಳಿ ಎರಡು ಕಾಗದ ಬರೆದೆ. ಎರಡು ಸಾಲು ಉತ್ತರ ಬರೆಯೋಕೆ ನಿನಗೆ ಪುರುಸೊತ್ತಿರಲಿಲ್ಲ. ಇದನ್ನ ಕೆಂಪು ಶಾಯೀಲಿ ನಾಲ್ಕು ಸಲ ಬರೆಯೋಕಿತ್ತು! ಅವತ್ತು ಜೂನ್‌ನಲ್ಲಿ ನನ್ನ ಮುಂದೆ ಕೂತು ನಕ್ಕೆಯಲ್ಲ, ಅದೂ ನಾಟಕವಾ?"

"ಹೆನ್ನಿಂಗ್, ನಾನು..."

"ಬೇಡ. ಏನೂ ಹೇಳ್ಬೇಡ. ಪುಸ್ತಕದಲ್ಲಿ ನನ್ನ ಪಾಲಿನ ಪುಟಗಳು ಮೇಜಿನ ಮೇಲಿವೆ. ಗುರುತುಗಳ ಪುಟ ನೀನೇ ಬರ್ಕೋ. ಪರೀಕ್ಷೆ ದಿನ ಬಂದು ಕೂತು ಹೋಗ್ತೀನಿ, ಒಟ್ಟೀಲಿಯಾಗೆ ಮಾತು ಕೊಟ್ಟಿದ್ದೀನಿ ಅದಕ್ಕೆ."

ಬಾಗಿಲು ಬಡಿದ ಸದ್ದಿಗೆ ನೆಲದ ಮೇಲಿನ ಚೀಟಿಗಳು ಅಲುಗಿದವು.

ವೀಬ್ಕೆ ಅವುಗಳ ನಡುವೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಗುರುತುಗಳ ಪುಟ ಬರೆದಳು. ಅದನ್ನು ಅವನು ಇನ್ನು ಓದುವುದಿಲ್ಲ ಎಂದು ಗೊತ್ತಿತ್ತು. ಓದಿದರೂ ಅದರಲ್ಲಿ ಅವನಿಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡಿದ್ದಳು, ಪಾಪ.

---

ನಮ್ಮಲ್ಲಿ ಪ್ರತಿ ನಿಯಮ ಪುಸ್ತಿಕೆಯನ್ನೂ ಅಚ್ಚಿಗೆ ಮುಂಚೆ ಒಂದು ಪರೀಕ್ಷೆಗೆ ಒಡ್ಡುತ್ತಾರೆ. ಆ ಆಟದ ಗಂಧಗಾಳಿ ಇಲ್ಲದವರಿಗೆ ಪುಸ್ತಿಕೆ ಕೊಟ್ಟು ಆಡಿ ಎನ್ನುವುದು. ಬರೆದವರು ಅದೇ ಕೋಣೆಯಲ್ಲಿ ಕೂರಬೇಕು, ತೊಡೆಯ ಕೆಳಗೆ ಕೈ ಇಟ್ಟುಕೊಂಡು, ತುಟಿ ಬಿಚ್ಚದೆ. ಒಂದು ಮಾತು, ಒಂದು ಕೆಮ್ಮು, ಒಂದು ಸನ್ನೆ ಬಂತೋ, ಪರೀಕ್ಷೆ ರದ್ದು. ಯಾಕೆಂದರೆ ಡಬ್ಬಿಯ ಜೊತೆ ಬರೆದವನು ಎಲ್ಲರ ಮನೆಗೂ ಹೋಗುವುದಿಲ್ಲವಲ್ಲ!

ಒಟ್ಟೀಲಿಯಾ ಇಡೀ ಪುಸ್ತಕವನ್ನು ಅದೇ ಪರೀಕ್ಷೆಗೆ ಒಡ್ಡಿದಳು.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಸೋಮವಾರವಷ್ಟೇ ಕೆಲಸಕ್ಕೆ ಸೇರಿದ್ದ ಗೆಸೀನೆ ಎಂಬ ಹುಡುಗಿ ಪುಸ್ತಕ ಹಿಡಿದು ಕೂತಳು. ಆಡಲಿಕ್ಕೆ ಊರಿನ ಗುರುವಾರದ ಆಟದ ಬಳಗದಿಂದ ಮೂವರು ಬಂದರು. ಅಂಚೆಯ ಊವೆ, ಅವನ ಹೆಂಡತಿ, ಒಬ್ಬಳು ಹಲ್ಲಿನ ಡಾಕ್ಟರು.

"ಪರೀಕ್ಷೆಗೆ ಕೆಟ್ಟ ಆಟ ಯಾವುದಿಟ್ಟಿದ್ದೀಯ?" ಒಟ್ಟೀಲಿಯಾ ಕೇಳಿದಳು.

ವೀಬ್ಕೆ ಹೆಸರಿಲ್ಲದ ಒಂದು ಬೂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಜೊತೆಗೆ ಅದರ ಚೀಟಿಯನ್ನೂ ಇಟ್ಟಳು. ಆಟದ ಹೆಸರು, ಕಟ್ಟಿದವನ ಹೆಸರು ಎರಡರ ಮೇಲೂ ಕಾಗದ ಅಂಟಿಸಿದ್ದಳು.

ಗೆಸೀನೆ ಮುಚ್ಚಳ ತೆಗೆದಳು. ಹಳದಿ ರಟ್ಟಿನ ಪುಟ್ಟ ಬಂಡಿಗಳು... ಕೈಯಲ್ಲೇ ಬಣ್ಣ ಬಳಿದ ಹೂವಿನ ಬಯಲುಗಳು...

ಗೋಡೆ ಪಕ್ಕದ ಕುರ್ಚಿಯಲ್ಲಿ ಹೆನ್ನಿಂಗ್ ಸೆಟೆದು ಕೂತ. ಬೇಡವೆಂದ ಮಾದರಿಗಳನ್ನು ಸಂಸ್ಥೆ ಕಟ್ಟಿದವನಿಗೇ ವಾಪಸ್ ಕಳಿಸುತ್ತದೆ. ಇದೊಂದು ವಾಪಸ್ ಬಂದಿರಲಿಲ್ಲ. ಕಳೆದುಹಾಕಿರಬೇಕು ಎಂದುಕೊಂಡಿದ್ದ. ಅವನು ವೀಬ್ಕೆಯತ್ತ ತಿರುಗಿದ. 'ಇಷ್ಟು ಸಾಲದಾಯಿತಾ? ಹತ್ತು ಜನರ ಮುಂದೆ ಇದನ್ನು ಕೆಟ್ಟ ಆಟ ಎಂದು ಹರವಬೇಕಿತ್ತಾ?' ಅವನ ಕಣ್ಣು ಅದನ್ನೇ ಕೇಳುತ್ತಿತ್ತು. ಬಾಯಿ ಬಿಟ್ಟು ಕೇಳುವಂತಿರಲಿಲ್ಲ.

ವೀಬ್ಕೆ ತನ್ನ ತೊಡೆಯ ಕೆಳಗೆ ಕೈ ಇಟ್ಟುಕೊಂಡಳು. ಅವನಿಗೆ ಸಿಟ್ಟು ಬಂದು ಒಂದು ಮಾತಾಡಿದರೂ ಮುಗಿಯಿತು. ಎಂಟು ವರ್ಷ ರದ್ದಿಗೆ. ಅದು ಗೊತ್ತಿದ್ದೂ ಈ ಡಬ್ಬಿಯನ್ನೇ ಇಟ್ಟಿದ್ದಳು.

ಮೊದಲ ಆಟಕ್ಕೆ ಒಂದು ಗಂಟೆ ಹಿಡಿಯಿತು. ಮುಕ್ಕಾಲು ಗಂಟೆ ಜೋರು ನಗು, ಕಿತ್ತಾಟ. "ಏಯ್ ಊವೆ, ನನ್ನ ಹೂವಿನ ಮೇಲೆ ನಿನ್ನ ಹುಳ ಯಾಕೋ ಬಿಟ್ಟೆ!" ಕೊನೆಯ ಕಾಲು ಗಂಟೆ ಹಲ್ಲಿನ ಡಾಕ್ಟರು ಕಿಟಕಿ ನೋಡುತ್ತಾ ಕೂತಳು.

ಗೆಸೀನೆ ಸರಸರನೆ ಪುಟ ತಿರುವಿದಳು. "'ಆಡುವವನು ಕಿಟಕಿ ನೋಡುತ್ತಿದ್ದರೆ'... ಹಾಂ, ಸಿಕ್ತು. 'ಯಾವ ಹೊತ್ತಿಗೆ ನೋಡಿದ? ಕೊನೆಗೆ ಮಾತ್ರವಾದರೆ, ಅಂತ್ಯ ಎಳೆಯುವ ಪುಟಕ್ಕೆ ಹೋಗಿ.' ಸರಿ. ಅದಕ್ಕೆ ಮೊದಲು ಈ ಚೀಟೀಲಿ ಏನೋ ಇದೆಯಲ್ಲ... ನಾಲ್ಕು ಎನ್. ಏನಿದು ಎನ್?"

ಅವಳು ಗುರುತುಗಳ ಪುಟಕ್ಕೆ ಬಂದು ಗಟ್ಟಿಯಾಗಿ ಓದಿದಳು.

"'ಎನ್ ಅಂದರೆ ನೋಖ್‌ಮಾಲ್, ಇನ್ನೊಮ್ಮೆ. ಆಟ ಮುಗಿದ ಮೇಲೆ ಆಡಿದವರು ತಾವಾಗಿಯೇ ಇನ್ನೊಮ್ಮೆ ಎಂದರೆ ಮಾತ್ರ ಈ ಗುರುತು ಹಾಕಿ. ನೀವು ಕೇಳಿ ಹೇಳಿಸಿದ್ದು ಸಲ್ಲುವುದಿಲ್ಲ. ಹೆಚ್ಚಿನ ಆಟಗಳಿಗೆ ಒಂದೂ ಸಿಗುವುದಿಲ್ಲ. ಎಂಟು ವರ್ಷಗಳಲ್ಲಿ ಒಂದೇ ಒಂದು ಆಟಕ್ಕೆ ನಾನು ಇದನ್ನು ನಾಲ್ಕು ಸಲ ಹಾಕಿದ್ದೇನೆ. ಇಂಥ ಆಟ ಸಿಕ್ಕರೆ ಯಾರು ಬೇಡ ಎಂದರೂ ಎದ್ದು ನಿಂತು ಮಾತಾಡಿ. ನಾನು ಮಾತಾಡಲಿಲ್ಲ.'"

ಗೆಸೀನೆ ತಲೆ ಎತ್ತಿದಳು. "ಅಯ್ಯೋ... ಅದು ಇದೇ ಆಟ!"

ಹೆನ್ನಿಂಗ್‌ನ ಬಾಯಿ ತೆರೆದುಕೊಂಡಿತು.

ವೀಬ್ಕೆ ಅದನ್ನು ನೋಡಿದಳು. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಗಾಬರಿ. ಗೊತ್ತಿಲ್ಲದ್ದನ್ನು ಈಗಷ್ಟೇ ಕೇಳಿದವನ ಮುಖ! 'ಇವನಿಗೆ ಗೊತ್ತಿರಲಿಲ್ಲವಾ? ಹಾಗಾದರೆ ಮೊನ್ನೆ ಏನಂದುಕೊಂಡ...? ಎನ್... ನೈನ್! ಅಯ್ಯೋ ದೇವರೇ! ನಾಲ್ಕು ಸಲ ಬೇಡ ಅಂತ ಮನಸಾರೆ ಬರೆದೆ ಅಂದೆನಲ್ಲ ಇವನ ಮುಖಕ್ಕೆ...!'

ಎದ್ದು ಓಡಿಹೋಗಿ ಹೇಳಬೇಕು ಅನ್ನಿಸಿತು. ಕೂಗಬೇಕು ಅನ್ನಿಸಿತು. ತೊಡೆಯ ಕೆಳಗೆ ಬೆರಳುಗಳು ಮರಗಟ್ಟಿದವು.

ಒಟ್ಟೀಲಿಯಾ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡುತ್ತಿದ್ದಳು.

ಹೆನ್ನಿಂಗ್ ಬಾಯಿ ಮುಚ್ಚಿದ. ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಅವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ತೆಗೆದರೆ ಅದನ್ನೂ ಸನ್ನೆ ಎಂದಾರು ಎಂದು ಒರೆಸಿಕೊಳ್ಳಲಿಲ್ಲ. ಅವಳ ಎಂಟು ವರ್ಷಕ್ಕಾಗಿ ಅವನು ಹಾಗೇ ಕೂತ.

ಆಮೇಲಿನ ಒಂದೂವರೆ ಗಂಟೆ ಹೇಗೆ ಕಳೆಯಿತೆಂದು ಇಬ್ಬರಿಗೂ ಇವತ್ತಿಗೂ ಹೇಳಲಾಗುವುದಿಲ್ಲ. ಗೆಸೀನೆ ಮೊದಲು ತಪ್ಪು ಪುಟಕ್ಕೆ ಹೋಗಿ ಆಟವನ್ನು ಇನ್ನಷ್ಟು ಕೆಡಿಸಿದಳು. ಗೋಡೆ ಪಕ್ಕದ ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಅವಳೇ ತಿರುಗಿ ಬಂದು 'ಹಿಂದುಳಿದವನ ಕೈಗೆ ಆಟ ಮುಗಿಸುವ ಕೀಲಿ ಕೊಟ್ಟು ನೋಡಿ' ಎಂಬ ಸಾಲಿನ ಮೇಲೆ ಬೆರಳಿಟ್ಟಳು.

"ಓಹೋ! ಹಾಗಾದ್ರೆ... ಬಂಡಿ ಖಾಲಿಯಾದವರು ಯಾವಾಗ ಬೇಕಾದ್ರೂ 'ಚಳಿಗಾಲ ಬಂತು' ಅಂತ ಕೂಗಿ ಆಟ ಮುಗಿಸಬಹುದು. ಆಡಿ ನೋಡೋಣ!"

ಆಡಿದರು. ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದಿದ್ದ ಹಲ್ಲಿನ ಡಾಕ್ಟರು ಮೇಜು ಗುದ್ದಿ "ಚಳಿಗಾಲ ಬಂತು!" ಎಂದು ಕೂಗಿದಳು. ಊವೆಯ ತುಂಬಿದ ಬಂಡಿ ದಾರಿಯಲ್ಲೇ ನಿಂತುಹೋಯಿತು. ಅವನ ಹೆಂಡತಿ ನಕ್ಕು ನಕ್ಕು ಕುರ್ಚಿಯಿಂದ ಬೀಳುವಂತಾದಳು.

"ಮೋಸ! ಇದು ಮೋಸ!" ಎನ್ನುತ್ತಲೇ ಊವೆ ಬಿಲ್ಲೆಗಳನ್ನು ಬಾಚಿಕೊಂಡು ಕಲೆಸತೊಡಗಿದ. "ಇನ್ನೊಮ್ಮೆ! ಈ ಸಲ ಬಿಡಲ್ಲ ನಿನ್ನ!"

ಗೆಸೀನೆ ಯಾರನ್ನೂ ಕೇಳದೆ ಕೆಂಪು ಪೆನ್ನು ತೆಗೆದುಕೊಂಡು ಚೀಟಿಯ ಮೂಲೆಯಲ್ಲಿ ಐದನೆಯ ಅಕ್ಷರ ಬರೆದಳು.

ಒಟ್ಟೀಲಿಯಾ ಕೋಲಿನಿಂದ ನೆಲ ಕುಟ್ಟಿದಳು. "ಸಾಕು. ಹ್ಯಾಂಬರ್ಗಿಗೆ ನಾನು ಫೋನ್ ಮಾಡಲ್ಲ. ಪುಸ್ತಕ ಅಚ್ಚಿಗೆ ಹೋಗಲಿ. ಈಗ ಹೇಳು ವೀಬ್ಕೆ, ಇದು ಯಾರ ಆಟ? ಇಂಥದ್ದನ್ನ ಬೇಡ ಅಂದ ಕತ್ತೆ ಯಾರು?"

ವೀಬ್ಕೆ ಎದ್ದು ನಿಂತಳು. ಕಾಲು ಜೋಮು ಹಿಡಿದಿತ್ತು.

"ಇದು ಹೆನ್ನಿಂಗ್ ಫೋಸ್ ಅವರ ಆಟ. ಬೇಡ ಅಂದದ್ದು ನೀನು. 'ಜೇನುಹುಳ ಯಾರು ಕೊಳ್ತಾರೆ' ಅಂದೆ. ನಿನಗೆ ಒಂದು ಗಳಿಗೆಯ ಮಾತು ಅದು. ನನಗೆ ಗೊತ್ತಿತ್ತು, ಇದು ಈ ಮನೆಗೆ ಬಂದ ಅತ್ಯುತ್ತಮ ಆಟ ಅಂತ. ಕೆಲಸ ಹೋಗುತ್ತೆ ಅಂತ ಹೆದರಿ ಸುಮ್ಮನಿದ್ದೆ. ಕಾಗದಕ್ಕೆ ರುಜು ಹಾಕಿದೆ. ಅವರು ಕಾರಣ ಕೇಳಿದಾಗ, ಹೇಳೋಕೆ ಮುಖ ಇರಲಿಲ್ಲ. ಅದಕ್ಕೇ ಉತ್ತರ ಬರೀಲಿಲ್ಲ."

 ಒಟ್ಟೀಲಿಯಾ ಕೋಲಿನ ತುದಿ ನೋಡಿದಳು.

"ಕತ್ತೆಗಳು ಇಬ್ಬರು ಹಾಗಾದ್ರೆ," ಎಂದು ಎದ್ದು ಹೋದಳು.

---

ಹಿತ್ತಲಿನ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು. ರಟ್ಟಿನ ರಾಶಿಯ ಪಕ್ಕ ಹೆನ್ನಿಂಗ್ ನಿಂತಿದ್ದ. ವೀಬ್ಕೆ ಬಂದದ್ದು ತಿಳಿದರೂ ತಿರುಗಲಿಲ್ಲ.

"ಏಳು ವರ್ಷ," ಎಂದ. "ನನ್ನ ಕೈಯಲ್ಲಿ ಏನೂ ಆಗಲ್ಲ ಅಂತ ಏಳು ವರ್ಷ ಬದುಕಿದೆ. ಬೇರೆಯವರ ಆಟಕ್ಕೆ ನಿಯಮ ಬರ್ಕೊಂಡು."

"ಗೊತ್ತು."

"ಏನು ಗೊತ್ತು ನಿನಗೆ?"

"ಪ್ರತಿ ವರ್ಷ ಮೇಳದಲ್ಲಿ ಎಲ್ಲ ಡಬ್ಬಿಗಳ ಮೇಲೂ ನಿನ್ನ ಹೆಸರು ಹುಡುಕ್ತಿದ್ದೆ. ಇರ್ತಿರಲಿಲ್ಲ. ಪ್ರತಿ ವರ್ಷವೂ ಅದು ನಾನು ಮಾಡಿದ್ದು ಅಂತ ಗೊತ್ತಾಗ್ತಿತ್ತು." ಅವಳ ದನಿ ಒಡೆಯಿತು. "ನನ್ನ ಕ್ಷಮಿಸು ಅಂತ ಕೇಳಲ್ಲ. ಅಷ್ಟು ಸುಲಭಕ್ಕೆ ಕೇಳಬಾರದು."

ಅವನು ತಿರುಗಿದ. "ಆ ಎನ್... ನಾನು ನೈನ್ ಅಂತ ಓದಿದೆ."

"ಈಗ ಗೊತ್ತಾಯ್ತು. ಅಲ್ಲ ಕಣೋ, ಬೇಡ ಅಂತ ನಾಲ್ಕು ಸಲ ಯಾರಾದ್ರೂ ಬರೀತಾರಾ? ಒಂದು ಸಲ ಬೇಡ ಅಂದ್ಮೇಲೆ ಎರಡನೇ ಸಲ ಯಾಕೆ ಆಡ್ತಾರೆ? ದೇಶಕ್ಕೆಲ್ಲ ನಿಯಮ ಬರೆದುಕೊಡೋನಿಗೆ ಇಷ್ಟು ಹೊಳೀಲಿಲ್ವಾ?"

ಹೆನ್ನಿಂಗ್ ಬೆಪ್ಪಾಗಿ ನಿಂತ. ಆಮೇಲೆ ಅವನಿಗೆ ನಗು ಬಂತು. ತಡೆದುಕೊಂಡ. ಮತ್ತೆ ಬಂತು. ನಗುತ್ತಲೇ ಕಣ್ಣೊರೆಸಿಕೊಂಡ.

"ಗುರುತುಗಳ ಪುಟ ಕೊಡು ಕೊಡು ಅಂತ ದಿನಾ ಬಡ್ಕೊಂಡೆ!"

"ಮೊದಲ ದಿನವೇ ಕೊಡಬೇಕಿತ್ತು," ಎಂದಳು. "ಕೊಟ್ಟಿದ್ರೆ ಆ ಚೀಟಿ ಸಿಕ್ಕಿದ ದಿನ ನಿನಗೆ ಎಲ್ಲ ಗೊತ್ತಾಗಿಬಿಡ್ತಿತ್ತು. ನನ್ನ ಹೇಡಿತನ ಗೊತ್ತಾಗ್ತಿತ್ತು. ಇನ್ನೊಂದೂ ಗೊತ್ತಾಗ್ತಿತ್ತು."

"ಇನ್ನೊಂದು ಯಾವುದು?"

ವೀಬ್ಕೆ ಉಸಿರೆಳೆದುಕೊಂಡಳು. ಏಳು ವರ್ಷದ ಹಿಂದೆ ಸಿಗದಿದ್ದ ಧೈರ್ಯ ಈಗಲೂ ಸಿಗದೆ ಹೋದರೆ ತನಗೆ ತಾನೇ ಮುಖ ತೋರಿಸಲಾಗದು ಎನ್ನಿಸಿತು.

"ಕೊನೆಯ ಮೂರು ಸಲ ಆಟಕ್ಕೋಸ್ಕರ ಹಾಕಿದ್ದು. ಮೊದಲನೇ ಸಲ ಜೊತೆಗೆ ಆಡ್ತಿದ್ದವನು ನೀನು. ಅವತ್ತು ಜೂನ್‌ನಲ್ಲಿ. ಇನ್ನೊಮ್ಮೆ ಅಂದವಳು ನಾನೇ. ಆಟಕ್ಕಷ್ಟೇ ಅಂದದ್ದಲ್ಲ."

 ಅವಳಿಗೆ ಓಡಿಹೋಗೋಣ ಅನ್ನಿಸಿತು. ಆದರೂ ನಿಂತೇ ಇದ್ದಳು.

"ನನಗೆ ಸಿಟ್ಟು ಹೋಗಿಲ್ಲ ವೀಬ್ಕೆ," ಎಂದ ಅವನು. "ಸುಳ್ಳು ಹೇಳಲ್ಲ. ಇನ್ನೂ ತುಂಬಾ ದಿನ ಇರುತ್ತೆ ಅದು. ಬೆಳಿಗ್ಗೆ ಎದ್ದ ಕೂಡಲೇ ಜಗಳ ಆಡ್ತೀನಿ. ಕಾಫಿ ಕುಡೀತಾ ಆಡ್ತೀನಿ."

"ಆಡು."

"ಹಳೇದನ್ನೆಲ್ಲ ಎತ್ತಿ ಆಡ್ತೀನಿ."

"ಆಡು ಅಂದ್ನಲ್ಲ. ಈ ಸಲ ನಾನು ಬಾಯಿ ಮುಚ್ಕೊಂಡು ಕೂರಲ್ಲ, ಉತ್ತರ ಕೊಡ್ತೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಎದ್ದು ಮಾತ್ರ ಹೋಗ್ಬೇಡ."

ಹೆನ್ನಿಂಗ್ ಅವಳ ಕೈಗಳನ್ನು ತೆಗೆದುಕೊಂಡ. ಎರಡೂವರೆ ಗಂಟೆ ತೊಡೆಯ ಕೆಳಗಿದ್ದ ಬೆರಳುಗಳು ಇನ್ನೂ ತಣ್ಣಗಿದ್ದವು. ಅವನು ಅವುಗಳನ್ನು ತನ್ನ ಅಂಗೈಗಳ ನಡುವೆ ಇಟ್ಟು ಮೆಲ್ಲನೆ ಉಜ್ಜಿದ.

"ಎಲ್ಲಿಗೆ ಹೋಗ್ಲಿ?" ಎಂದ. "ಇಲ್ಲೇ ಇರ್ತೀನಿ ಕಣೇ."